ಇತ್ತು, ಇತ್ತಂತೆ, ಇದ್ದಿರಬೇಕು: ನೆನಪಿನ ಬರಹದ ಕಮ್ಮಟಕ್ಕೆ ಹೋಗುವವರಿಗೆ

ನೆನಪುಗಳನ್ನು ಬರೆಯುವ ಕಮ್ಮಟಕ್ಕೆ ಹೆಸರು ಕೊಟ್ಟವರು ಮೊದಲ ದಿನ ತರುವ ಬರಹ ಸಾಮಾನ್ಯವಾಗಿ ಹುಟ್ಟಿದ ದಿನಾಂಕದಿಂದ ಶುರುವಾಗುತ್ತದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಶಾಲೆ ಮುಗಿದಿರುತ್ತದೆ, ಐದನೇ ಪುಟದಲ್ಲಿ ಕೆಲಸ ಸಿಕ್ಕಿರುತ್ತದೆ. ಅಷ್ಟೂ ಪುಟಗಳಲ್ಲಿ ಯಾರೂ ಬಾಯಿಬಿಟ್ಟು ಒಂದು ಮಾತಾಡುವುದಿಲ್ಲ. ಇದಕ್ಕೆ ಬರೆದವರನ್ನು ದೂರುವಂತಿಲ್ಲ. ನಮ್ಮಲ್ಲಿ ‘ಆತ್ಮಕಥೆ’ ಎಂಬ ಒಂದೇ ಮಾತು ಎರಡು ಬೇರೆ ಬೇರೆ ಕೆಲಸಗಳನ್ನು ಹೊತ್ತುಕೊಂಡಿದೆ. ಇಡೀ ಬದುಕನ್ನು ಸಾಲಾಗಿ ಹೇಳಿಕೊಂಡು ಹೋಗುವುದು ಒಂದು. ಬದುಕಿನ ಒಂದೇ ತುಂಡನ್ನು ಕೈಗೆತ್ತಿಕೊಂಡು, ಅದು ಯಾಕೆ ಇನ್ನೂ ಬಿಡುತ್ತಿಲ್ಲ ಎಂದು ತಿರುಗಿಸಿ ನೋಡುವುದು ಇನ್ನೊಂದು. ಕಮ್ಮಟದಲ್ಲಿ ಕಲಿಸುವುದು ಈ ಎರಡನೆಯದನ್ನು, ಅಂದರೆ ಮೆಮ್ವಾರ್ ಅಥವಾ ಅನುಭವ ಕಥನವನ್ನು. ಇದರ ಜೊತೆಗೆ ಪ್ರವಾಸ ಕಥನ, ವ್ಯಕ್ತಿಚಿತ್ರ, ಪ್ರಬಂಧ, ದೀರ್ಘ ವರದಿಗಳನ್ನೂ ಸೇರಿಸಿ ಕ್ರಿಯೇಟಿವ್ ನಾನ್‌ಫಿಕ್ಷನ್ ಎನ್ನುತ್ತಾರೆ. ಕತೆಗಾರರ ಕಸುಬನ್ನೆಲ್ಲ ಇಲ್ಲಿ ಬಳಸಿಕೊಳ್ಳಬಹುದು. ಕಟ್ಟುಕತೆಗೆ ಮಾತ್ರ ಜಾಗವಿಲ್ಲ.

ಹೋಗುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸ ಒಂದೇ: ವಿಷಯವನ್ನು ಕಿರಿದು ಮಾಡುವುದು. ‘ನನ್ನ ಬಾಲ್ಯ’ ಎಂಬುದು ವಿಷಯವೇ ಅಲ್ಲ. ‘ಅಜ್ಜಿಯ ಜೊತೆ ಕಳೆದ ರಜೆಗಳು’ ಕೂಡ ದೊಡ್ಡದಾಯಿತು. ‘ಅಜ್ಜಿ ಕನ್ನಡಕ ಕಳೆದುಕೊಂಡ ಮಧ್ಯಾಹ್ನ’ ಸರಿಯಾದ ಅಳತೆ. ಒಂದು ಜಾಗ, ಒಂದೆರಡು ಗಂಟೆಯ ಅವಧಿ, ಇಬ್ಬರೋ ಮೂವರೋ ಮನುಷ್ಯರು. ಮೊದಲ ಸಾಲಿನಲ್ಲಿ ಇದ್ದ ಪರಿಸ್ಥಿತಿ ಕೊನೆಯ ಸಾಲಿಗೆ ಬರುವಾಗ ಹಾಗೇ ಉಳಿದಿರಬಾರದು. 800ರಿಂದ 1000 ಪದಗಳಲ್ಲಿ ಇದು ಹಿಡಿಸುತ್ತದೆ.

ಈ ಪದಮಿತಿಗೆ ಲೆಕ್ಕದ ಕಾರಣವೂ ಇದೆ. ಕನ್ನಡದ ಪದಗಳು ಉದ್ದ. ವಿಭಕ್ತಿ, ಸಂಧಿ, ಕ್ರಿಯಾಪದದ ಬಾಲ ಎಲ್ಲ ಒಂದರೊಳಗೇ ಸೇರಿಕೊಂಡಿರುತ್ತವೆ. ಅವಸರವಿಲ್ಲದೆ ಗಟ್ಟಿಯಾಗಿ ಓದಿದರೆ ನಿಮಿಷಕ್ಕೆ ಸುಮಾರು 100 ಪದ ಆಗುತ್ತದೆ. ಓದಿಗೆ 10 ನಿಮಿಷ, ಚರ್ಚೆಗೆ 20 ಎಂದುಕೊಂಡರೆ ಎರಡೂವರೆ ಗಂಟೆಯಲ್ಲಿ, ವಿರಾಮ ಕಳೆದು, ನಾಲ್ಕು ಜನರ ಬರಹವನ್ನಷ್ಟೇ ನೋಡಲು ಸಾಧ್ಯ. ಆರು ವಾರದ ಕಮ್ಮಟದಲ್ಲಿ ಮೊದಲ ವಾರ ಅಭ್ಯಾಸಗಳಿಗೆ, ಕೊನೆಯ ವಾರ ಓದಿಗೆ ಹೋದರೆ ಉಳಿಯುವುದು 16 ಸರದಿ. ಎಂಟು ಜನರಿದ್ದರೆ ತಲಾ ಎರಡು ಸರದಿ ಸಿಗುತ್ತದೆ, ಹನ್ನೆರಡು ಜನರಿದ್ದರೆ ಹೆಚ್ಚಿನವರಿಗೆ ಒಂದೇ. ಎರಡನೇ ಸರದಿಯಿಲ್ಲದ ಕಮ್ಮಟದಲ್ಲಿ ಬರೆಯುವುದನ್ನು ಕಲಿಯಬಹುದೇ ಹೊರತು ತಿದ್ದುವುದನ್ನು ಕಲಿಯಲಾಗುವುದಿಲ್ಲ. ಆದ್ದರಿಂದ ಹೆಸರು ನೋಂದಾಯಿಸುವಾಗ ಯಾರು ನಡೆಸುತ್ತಾರೆ ಎಂದು ಕೇಳುವ ಜೊತೆಗೆ ಎಷ್ಟು ಜನ, ತಲಾ ಎಷ್ಟು ಸರದಿ ಎಂದೂ ಕೇಳಿ.

ಮೊದಲ ದಿನದ ಅಭ್ಯಾಸಗಳಲ್ಲಿ ತುಂಬ ಫಲ ಕೊಡುವುದು ಮನೆಯ ನಕ್ಷೆ. ಹತ್ತು ವರ್ಷದವರಿದ್ದಾಗ ಇದ್ದ ಮನೆಯ ನೆಲನಕ್ಷೆಯನ್ನು ನೆನಪಿನಿಂದ ಬಿಡಿಸಬೇಕು. ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು, ರಾತ್ರಿ ಯಾರು ಎಲ್ಲಿ ಮಲಗುತ್ತಿದ್ದರು, ಯಾವ ಜಾಗಕ್ಕೆ ಮಕ್ಕಳು ಹೋಗುವಂತಿರಲಿಲ್ಲ, ಎಲ್ಲವನ್ನೂ ಗುರುತು ಹಾಕಬೇಕು. ಇದಕ್ಕೆ ಹತ್ತು ನಿಮಿಷ. ಆಮೇಲೆ ಏನೋ ಒಂದು ನಡೆದ ಜಾಗಗಳಲ್ಲಿ ಚಿಕ್ಕ ಗುಣಿಸು ಚಿಹ್ನೆ, ಐದಕ್ಕಿಂತ ಹೆಚ್ಚಲ್ಲ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು 15 ನಿಮಿಷ ಪೆನ್ನು ಎತ್ತದೆ ಬರೆಯಬೇಕು. ಇದು ಕೆಡುವುದು ಎರಡು ರೀತಿಯಲ್ಲಿ. ಕೆಲವರು ಗೆರೆ ನೇರ ಮಾಡುವುದಕ್ಕೇ ಹತ್ತು ನಿಮಿಷವನ್ನೂ ಕೊಟ್ಟುಬಿಡುತ್ತಾರೆ, ಗುರುತು ಹಾಕಲು ಹೊತ್ತು ಉಳಿಯುವುದಿಲ್ಲ. ಇನ್ನು ಕೆಲವರು ಬರೆಯುವಾಗ ಓದುಗರನ್ನು ಮನೆ ತೋರಿಸಲು ಕರೆದುಕೊಂಡು ಹೊರಡುತ್ತಾರೆ: ಇದು ಹಜಾರ, ಇದು ಕೋಣೆ, ಇದು ಹಿತ್ತಲು. ನಕ್ಷೆ ಇರುವುದು ನಿಮಗಾಗಿ. ಓದುಗರಿಗೆ ಬೇಕಾದದ್ದು ಗುಣಿಸು ಚಿಹ್ನೆಯ ಕೆಳಗೆ ಏನಾಯಿತು ಎಂಬುದು.

‘ನೆನಪಿದೆ’ ಎಂದು ಮುಗಿಯುವ 20 ಸಾಲು ಬರೆಯುವುದು ಇನ್ನೊಂದು ಅಭ್ಯಾಸ. ಮೊದಲ ಏಳೆಂಟು ಸಾಲುಗಳು ಈಗಾಗಲೇ ಹತ್ತು ಜನಕ್ಕೆ ಹೇಳಿ ಹೇಳಿ ನುಣುಪಾದವು. ಅಲ್ಲಿಗೆ ನಿಲ್ಲಿಸಬಾರದು. ಹನ್ನೆರಡರ ಆಚೆಗೆ, ಬರೆಯಲು ಏನೂ ಉಳಿದಿಲ್ಲ ಅನ್ನಿಸಿದ ಮೇಲೆ ಬರುವ ಸಾಲುಗಳಲ್ಲಿ ನಿಜವಾದ ಸರಕು ಇರುತ್ತದೆ.

ಇನ್ನು ಈ ಬರಹದ ಮುಖ್ಯ ವಿಷಯಕ್ಕೆ ಬರೋಣ. ನೆನಪು ಎಷ್ಟು ಸ್ಪಷ್ಟವಾಗಿದೆ ಎಂಬುದಕ್ಕೂ ಅದು ಎಷ್ಟು ನಿಜ ಎಂಬುದಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡಿತು. ಮಾರನೇ ದಿನವೇ ಮನಶ್ಶಾಸ್ತ್ರಜ್ಞರಾದ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ. ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ಮತ್ತೆ ಕೇಳಿದಾಗ 11 ಜನರ ಉತ್ತರಗಳು ಮೊದಲು ತಾವೇ ಬರೆದಿದ್ದಕ್ಕೆ ಒಂದು ಅಂಶದಲ್ಲೂ ಹೊಂದಲಿಲ್ಲ. ಹೀಗೆ ತಪ್ಪಿದವರಲ್ಲೂ ಹಲವರಿಗೆ ತಮ್ಮ ನೆನಪಿನ ಮೇಲೆ ಪೂರ್ತಿ ಭರವಸೆ ಇತ್ತು. ಸುಮಾರು ಮೂರು ವರ್ಷ ವಯಸ್ಸಾಗುವ ಮುಂಚಿನದು ದೊಡ್ಡವರಾದ ಮೇಲೆ ಬಹುತೇಕ ಯಾರಿಗೂ ನೆನಪಿರುವುದಿಲ್ಲ ಎಂಬುದೂ ಗೊತ್ತಿರುವ ಸಂಗತಿ. ಹಾಗಿದ್ದರೆ ತೊಟ್ಟಿಲಲ್ಲಿ ಮಲಗಿದ್ದಾಗ ಕಂಡ ಬೆಳಕಿನ ಬಗ್ಗೆ ಬರೆಯುವವರು ಬರೆಯುತ್ತಿರುವುದು ಯಾರ ನೆನಪನ್ನು? ಹೆಚ್ಚಾಗಿ ಅಮ್ಮನದು, ಇಲ್ಲವೇ ಒಂದು ಫೋಟೋದ್ದು.

ಇದನ್ನು ಕೇಳಿ ಬರೆಯುವುದನ್ನೇ ಬಿಡಬೇಕಾಗಿಲ್ಲ. ಕಂಡಿದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನೂ ಬೇರೆ ಬೇರೆ ಇಟ್ಟರೆ ಸಾಕು. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಈ ವ್ಯತ್ಯಾಸವನ್ನು ಹೇಳುವುದಕ್ಕೆ ಬೇರೆ ವಾಕ್ಯ ಬೇಕಿಲ್ಲ, ಕ್ರಿಯಾಪದದ ತುದಿಯೇ ಅದನ್ನು ಹೇಳಿಬಿಡುತ್ತದೆ. ‘ಆ ರಾತ್ರಿ ಜೋರು ಮಳೆಯಿತ್ತು’ ಎಂದರೆ ನಾನಲ್ಲಿದ್ದೆ, ನೆನೆದೆ. ‘ಜೋರು ಮಳೆಯಿತ್ತಂತೆ’ ಎಂದರೆ ಯಾರೋ ಹೇಳಿದರು. ‘ಜೋರು ಮಳೆ ಇದ್ದಿರಬೇಕು’ ಎಂದರೆ ಬೆಳಿಗ್ಗೆ ಅಂಗಳದ ಕೆಸರು ನೋಡಿ ಲೆಕ್ಕ ಹಾಕಿದೆ. ಇದ್ದಿರಬಹುದು ಎಂದರೆ ಆಧಾರ ಇನ್ನೂ ತೆಳು. ದಿನವಿಡೀ ನಾವು ಯೋಚಿಸದೆಯೇ ಈ ನಾಲ್ಕನ್ನೂ ಸರಿಯಾಗಿ ಬಳಸುತ್ತೇವೆ. ಕೈಗೆ ಪೆನ್ನು ಬಂದ ಕೂಡಲೇ ಯಾಕೋ ಎಲ್ಲವೂ ‘ಇತ್ತು’ ಆಗಿಬಿಡುತ್ತದೆ. ಕರಡಿನಲ್ಲಿ ಒಂದೊಂದು ‘ಇತ್ತು’ ಬಂದಾಗಲೂ ಅಂಚಿನಲ್ಲಿ ಕಂ, ಕೇ, ಊ ಎಂದು ಒಂದಕ್ಷರ ಬರೆದುಕೊಳ್ಳುತ್ತಾ ಹೋಗಿ: ಕಂಡದ್ದು, ಕೇಳಿದ್ದು, ಊಹೆ. ಒಂದು ಪುಟಕ್ಕೆ ಐದು ನಿಮಿಷ ಹಿಡಿಯುತ್ತದೆ. ಸ್ವಂತ ನೆನಪು ಎಂದುಕೊಂಡಿದ್ದ ಪುಟದಲ್ಲಿ ಎಷ್ಟು ‘ಕೇ’ ಬೀಳುತ್ತವೆ ಎಂದು ನೋಡಿದವರು ಆ ಪುಟವನ್ನು ಮೊದಲಿನ ಹಾಗೆ ಓದಲಾರರು.

ಒಂದು ಎಚ್ಚರಿಕೆ ಬೇಕು. ಪ್ರತಿ ವಾಕ್ಯಕ್ಕೂ ‘ಅಂತೆ’ ಸೇರಿಸಿದರೆ ಬರಹ ಅಂತೆಕಂತೆಯಾಗುತ್ತದೆ. ‘ಅಂತೆ’ಗೆ ಸ್ವಲ್ಪ ಅನುಮಾನದ ವಾಸನೆಯೂ ಇದೆ, ಹೇಳಿದವರನ್ನು ನಂಬದವರ ಹಾಗೆ ಕೇಳಿಸಬಹುದು. ಕೇಳಿದ ಭಾಗ ಉದ್ದವಿದ್ದರೆ ಶುರುವಿನಲ್ಲಿ ಒಮ್ಮೆ ‘ಅಮ್ಮ ಇದನ್ನು ಹೇಳುವುದು ಹೀಗೆ’ ಎಂದು ಹೇಳಿದವರನ್ನು ಮುಂದೆ ತಂದು ನಿಲ್ಲಿಸಿ, ಆಮೇಲೆ ಸಾದಾ ಭೂತಕಾಲದಲ್ಲಿ ಸಾಗಿ. ಕೊನೆಯಲ್ಲಿ ಒಂದು ‘ಅಂತೆ’ಯಿಂದ ಬಾಗಿಲು ಮುಚ್ಚಿದರೆ ಆಯಿತು. ಊಹೆಯೂ ಹಾಗೆಯೇ. ‘ಅಪ್ಪ ಆಗ ಏನು ಯೋಚಿಸುತ್ತಿದ್ದರೋ’ ಎಂದು ಒಮ್ಮೆ ತೆರೆದುಕೊಂಡರೆ ಮುಂದಿನ ಇಡೀ ಪ್ಯಾರಾ ಊಹೆ ಎಂದು ಓದುಗರಿಗೆ ತಿಳಿಯುತ್ತದೆ. ಇಲ್ಲಿ ಪ್ರಾಮಾಣಿಕತೆಯಿಂದ ಬರಹಕ್ಕೆ ನಷ್ಟವೇನೂ ಇಲ್ಲ. ‘ಇದ್ದಿರಬೇಕು’ ಎಂಬ ಪದದಲ್ಲಿ ಬರೆಯುವವರ ಈಗಿನ ಮನಸ್ಸು, ಅವರ ಹುಡುಕಾಟ ಎರಡೂ ಕಾಣುತ್ತವೆ. ಎಷ್ಟೋ ಸಲ ಇಡೀ ಬರಹದಲ್ಲಿ ಜೀವವಿರುವ ಸಾಲು ಅದೇ.

ಕಂಡದ್ದು ಎಂದು ಗುರುತು ಹಾಕಿದ್ದನ್ನೂ ಒಮ್ಮೆ ತಾಳೆ ನೋಡಬೇಕು. ದಿನಾಂಕ ಗೊತ್ತಿದ್ದರೆ ಹಳೆಯ ಕ್ಯಾಲೆಂಡರ್ ವಾರ ಹೇಳುತ್ತದೆ. ‘ಶಾಲೆಯಿಂದ ಬಂದ ಕೂಡಲೇ’ ಎಂದು ಬರೆದ ದಿನ ಭಾನುವಾರವಾಗಿದ್ದರೆ ಏನೋ ಒಂದು ತಪ್ಪಿದೆ. ಅಂಕಪಟ್ಟಿ, ಪತ್ರದ ಮೇಲಿನ ಅಂಚೆ ಮುದ್ರೆ, ಫೋಟೋದ ಹಿಂಬದಿಯ ಬರಹ, ಆ ದಿನದ ಪತ್ರಿಕೆ ಎಲ್ಲವೂ ಸಾಕ್ಷಿಗಳೇ. ಮನೆಯವರನ್ನು ಕೇಳುವುದಾದರೆ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರ ನೆನಪೇ ಎಲ್ಲರ ನೆನಪಾಗುತ್ತದೆ. ‘ಅವತ್ತು ಅಪ್ಪ ಸಿಟ್ಟಾಗಿದ್ದರಲ್ಲ?’ ಎಂದು ಉತ್ತರವನ್ನು ಬಾಯಿಗಿಡುವುದು ಬೇಡ, ‘ಅವತ್ತಿನದು ನಿನಗೆ ಏನು ನೆನಪಿದೆ?’ ಎಂದರೆ ಸಾಕು. ಅಕ್ಕ ಹೇಳಿದ್ದು ನಿಮ್ಮ ನೆನಪಿಗೆ ಹೊಂದದಿದ್ದರೆ ಸಂತೋಷಪಡಿ. ಆ ಹೊಂದದಿರುವಿಕೆಯನ್ನೂ ಬರೆಯಬಹುದು.

ಕ್ರಿಯಾಪದದ ಇನ್ನೊಂದು ಬಾಲವನ್ನೂ ಗಮನಿಸಬೇಕು. ಮೊದಲ ಕರಡುಗಳಲ್ಲಿ ‘ಹೋಗುತ್ತಿದ್ದೆವು, ಆಡುತ್ತಿದ್ದೆವು, ಬೈಯುತ್ತಿದ್ದರು’ ತುಂಬಿ ತುಳುಕುತ್ತವೆ. ಇಲ್ಲಿ ‘-ತ್ತಿದ್ದ’ ರೂಢಿಯನ್ನು ಹೇಳುತ್ತದೆ, ದಿನಾ ನಡೆಯುತ್ತಿದ್ದದ್ದನ್ನು. ಅದರಲ್ಲಿ ಘಟನೆ ನಡೆಯುವುದಿಲ್ಲ. ಕರಡಿನಲ್ಲಿ ಬರುವ ಅಷ್ಟೂ ‘-ತ್ತಿದ್ದ’ಗಳಿಗೆ ಗೆರೆ ಹಾಕಿ, ಮೊದಲ ಸಲ ಸಾದಾ ‘ಹೋದೆವು’ ಅಥವಾ ‘ಅಂದರು’ ಎಲ್ಲಿ ಬಂತು ಎಂದು ಹುಡುಕಿ. ಬರಹ ನಿಜವಾಗಿ ಶುರುವಾಗುವುದು ಅಲ್ಲಿಂದ. ಅದು ಎರಡನೇ ಪುಟದ ಕೊನೆಯಲ್ಲಿದ್ದರೆ ಅದಕ್ಕೂ ಮುಂಚಿನದನ್ನು ನಾಲ್ಕು ಸಾಲಿಗೆ ಇಳಿಸಬಹುದು.

ಒಂದು ಮಾದರಿ ನೋಡಿ. ‘ಅಪ್ಪ ತುಂಬ ಶಿಸ್ತಿನ ಮನುಷ್ಯ. ನಮಗೆಲ್ಲ ಅವರನ್ನು ಕಂಡರೆ ಭಯವಿತ್ತು.’ ಇದು ತೀರ್ಪು. ಓದುಗರು ಒಪ್ಪಬೇಕು, ಬೇರೆ ದಾರಿಯಿಲ್ಲ. ‘ಹೊರಗೆ ಚಪ್ಪಲಿ ಬಿಡುವ ಸದ್ದಾದರೆ ಅಣ್ಣ ರೇಡಿಯೋದ ಗುಂಡಿ ತಿರುಗಿಸುತ್ತಿದ್ದ.’ ಈಗ ರೂಢಿ ಕಂಡಿತು, ಭಯ ಎಂಬ ಪದವಿಲ್ಲದೆ ಭಯವೂ ಬಂತು. ‘ಆ ಸಂಜೆ ಚಪ್ಪಲಿಯ ಸದ್ದಾಯಿತು. ಅಣ್ಣನ ಕೈ ಗುಂಡಿಯವರೆಗೆ ಹೋಗಿ ನಿಂತಿತು. ಹಾಡು ಹಾಗೇ ಹಾಡುತ್ತಿತ್ತು.’ ಇದು ದೃಶ್ಯ. ಏನೋ ಬದಲಾಗಿದೆ, ಏನೆಂದು ತಿಳಿಯಲು ಮುಂದೆ ಓದಲೇಬೇಕು. ಮೂರನ್ನೂ ಬಳಸುವ ಹಕ್ಕು ನಿಮಗಿದೆ. ಮೊದಲ ಬಗೆಯದನ್ನು ಕಡಿಮೆ ಮಾಡಿ, ಎರಡನೆಯದರಿಂದ ನೆಲ ಹದ ಮಾಡಿಕೊಂಡು, ಮೂರನೆಯದಕ್ಕೆ ಹೆಚ್ಚು ಜಾಗ ಕೊಡಿ.

ಗೌರವದ ರೂಪವನ್ನು ಬರೆಯಲು ಕೂರುವಾಗಲೇ ತೀರ್ಮಾನಿಸಿಕೊಳ್ಳಿ. ಅಪ್ಪ ‘ಬಂದ’ ಎಂದೋ ‘ಬಂದರು’ ಎಂದೋ? ಮನೆಯಲ್ಲಿ ಕರೆಯುತ್ತಿದ್ದದ್ದು ಹೇಗೋ ಹಾಗೆ ಇರಲಿ. ಅರ್ಧದಲ್ಲಿ ಗೊತ್ತಿಲ್ಲದೆ ಬದಲಾದರೆ ಓದುಗರು ಎಡವುತ್ತಾರೆ, ಬೇಕೆಂದೇ ಬದಲಾಯಿಸಿದರೆ ಒಂದು ಸಂಬಂಧ ಮುರಿದದ್ದನ್ನು ಆ ಒಂದು ಅಕ್ಷರವೇ ಹೇಳುತ್ತದೆ. ‘ನಾನು’ ಎಂಬ ಪದವನ್ನೂ ಎಣಿಸಿ. ‘ಹೋದೆ’ ಎಂದಾಗಲೇ ನಾನು ಅದರಲ್ಲಿ ಇದ್ದಾಯಿತು. ಪುಟಕ್ಕೆ ಹದಿನೈದು ‘ನಾನು’ ಇದ್ದರೆ ಹತ್ತನ್ನು ಕಷ್ಟವಿಲ್ಲದೆ ತೆಗೆಯಬಹುದು.

ಸಂಭಾಷಣೆಯಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಮೂವತ್ತು ವರ್ಷದ ಹಿಂದಿನ ನಲವತ್ತು ಸಾಲಿನ ಮಾತುಕತೆ ಯಾರಿಗೂ ನೆನಪಿರುವುದಿಲ್ಲ. ನಿಜವಾಗಿ ಕಿವಿಯಲ್ಲಿ ಉಳಿದ ಒಂದೋ ಎರಡೋ ಸಾಲನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಇಡಿ, ಉಳಿದದ್ದನ್ನು ‘ಹಣ ಹೊಂದಿಸುವುದು ಹೇಗೆಂಬ ಮಾತು ಬಂತು’ ಎಂದು ಸಾರದಲ್ಲಿ ಹೇಳಿ. ಇನ್ನೊಂದು ತಪ್ಪು ಮನಸ್ಸಿಗೆ ನೋವು ಕೊಡುವಂಥದ್ದು. ಮನೆಯವರೆಲ್ಲ ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಾರೆ, ಕೆಲಸದವರು ಮಾತ್ರ ಆಡುಮಾತಿನಲ್ಲಿ. ಆಡುಮಾತು ಎಲ್ಲರದೂ. ಬರೆದರೆ ಎಲ್ಲರ ಬಾಯಲ್ಲೂ ಬರಲಿ, ಇಲ್ಲದಿದ್ದರೆ ಯಾರ ಬಾಯಲ್ಲೂ ಬೇಡ.

ಇನ್ನು ಚರ್ಚೆಯ ಹೊತ್ತು. ಹಳೆಯ ಪದ್ಧತಿಯಲ್ಲಿ ಬರೆದವರು ಬಾಯಿ ಮುಚ್ಚಿ ಕೂತು, ಉಳಿದವರು ಮಾತಾಡುವುದನ್ನು ಕೇಳಿಸಿಕೊಳ್ಳಬೇಕು. ಕಾದಂಬರಿಯ ಕರಡಿಗೆ ಇದು ಹೇಗೋ ನಡೆಯುತ್ತದೆ. ಸ್ವಂತ ತಾಯಿಯ ಬಗ್ಗೆ ಬರೆದವರನ್ನು ಇಪ್ಪತ್ತು ನಿಮಿಷ ಮೂಕರನ್ನಾಗಿ ಕೂರಿಸುವುದು ಕಷ್ಟ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ನಾಲ್ಕು ಹೆಜ್ಜೆಗಳ ಕ್ರಮ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಮೊದಲು, ಓದಿದವರು ತಮ್ಮನ್ನು ಹಿಡಿದು ನಿಲ್ಲಿಸಿದ್ದೇನು ಎಂದು ಹೇಳುತ್ತಾರೆ. ಎರಡನೆಯದಾಗಿ, ಬರೆದವರು ತಮ್ಮ ಅನುಮಾನಗಳನ್ನು ಕೇಳುತ್ತಾರೆ. ಮೂರನೆಯದಾಗಿ, ಓದಿದವರು ಅಭಿಪ್ರಾಯ ಬೆರೆಸದ ಪ್ರಶ್ನೆಗಳನ್ನು ಕೇಳುತ್ತಾರೆ. ಕೊನೆಗೆ, ಅನುಮತಿ ಪಡೆದು ಅಭಿಪ್ರಾಯ ಹೇಳುತ್ತಾರೆ: ‘ಕೊನೆಯ ಪ್ಯಾರಾದ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಹೇಳಲೇ?’ ಬೇಡ ಎನ್ನುವ ಹಕ್ಕು ಬರೆದವರಿಗಿದೆ.

ಎಡವುವುದು ಮೂರನೇ ಹೆಜ್ಜೆಯಲ್ಲಿ. ‘ಆಸ್ಪತ್ರೆಯ ಭಾಗ ಇಷ್ಟು ಉದ್ದ ಯಾಕೆ?’ ಎಂಬುದು ಪ್ರಶ್ನೆಯ ವೇಷ ಹಾಕಿದ ದೂರು. ‘ಆಸ್ಪತ್ರೆಯ ಭಾಗದಿಂದ ಓದುವವರಿಗೆ ಏನು ತಲುಪಬೇಕು ಅಂದುಕೊಂಡಿರಿ?’ ಎಂದರೆ ಬರೆದವರು ಉತ್ತರಿಸುತ್ತಾ ಉತ್ತರಿಸುತ್ತಾ ಯಾವ ಸಾಲು ಬೇಡ ಎಂದು ತಾವೇ ಕಂಡುಕೊಳ್ಳುತ್ತಾರೆ.

ಅನುಭವ ಕಥನದ ಚರ್ಚೆಗೆ ಇನ್ನೊಂದು ನಿಯಮ ಬೇಕೇ ಬೇಕು: ಪುಟದ ಮೇಲಿರುವವರನ್ನು ‘ನೀವು’ ಎನ್ನಬಾರದು, ‘ನಿರೂಪಕಿ’ ಅಥವಾ ‘ಆ ಹುಡುಗ’ ಎನ್ನಬೇಕು. ‘ನೀವು ಅಷ್ಟು ಸ್ವಾರ್ಥಿಯಾಗಿದ್ದಿರಾ?’ ಎಂಬ ಪ್ರಶ್ನೆಗೂ ‘ಈ ದೃಶ್ಯದಲ್ಲಿ ನಿರೂಪಕಿ ತನ್ನ ಬಗ್ಗೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಅನಿಸಿತು’ ಎಂಬ ಮಾತಿಗೂ ಅಜಗಜಾಂತರ. ಇದು ಬರೀ ಸೌಜನ್ಯವಲ್ಲ. ಹತ್ತು ವರ್ಷದ ಆ ಹುಡುಗ ಬೇರೆ, ಇವತ್ತು ಕೂತು ಬರೆಯುತ್ತಿರುವವರು ಬೇರೆ. ಇಬ್ಬರಿಗೂ ಗೊತ್ತಿರುವುದು ಒಂದೇ ಅಲ್ಲ ಎಂಬ ಅರಿವು ಮೂಡಿದರೆ ಬರಹಕ್ಕೆ ಆಳ ಬರುತ್ತದೆ.

ಚರ್ಚೆ ಹಾಳಾಗುವುದು ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನಿಂದಲೇ. ಯಾರೋ ಸಮಾಧಾನ ಹೇಳುತ್ತಾರೆ, ಇನ್ನೊಬ್ಬರು ‘ನಮ್ಮ ಮನೆಯಲ್ಲೂ ಹೀಗೇ ಆಗಿತ್ತು’ ಎಂದು ತಮ್ಮ ಕತೆ ಶುರು ಮಾಡುತ್ತಾರೆ, ಮತ್ತೊಬ್ಬರು ಅಣ್ಣನ ಜೊತೆ ರಾಜಿಯಾಗಲು ಸಲಹೆ ಕೊಡುತ್ತಾರೆ. ಇಪ್ಪತ್ತು ನಿಮಿಷ ಕಳೆದಿರುತ್ತದೆ, ಬರಹದ ಒಂದು ವಾಕ್ಯದ ಬಗ್ಗೆಯೂ ಮಾತು ಬಂದಿರುವುದಿಲ್ಲ. ನಡೆಸುವವರು ಇಲ್ಲಿ ಮೆತ್ತಗೆ ‘ಪುಟಕ್ಕೆ ವಾಪಸ್ ಹೋಗೋಣ’ ಎನ್ನಬೇಕು. ಅವರು ಅನ್ನದಿದ್ದರೆ ಪಕ್ಕದಲ್ಲಿ ಕೂತವರು ಯಾರಾದರೂ ಅನ್ನಬಹುದು. ಕೋಣೆಯಲ್ಲಿ ಓದಿದ್ದು ಕೋಣೆಯಲ್ಲೇ ಉಳಿಯಬೇಕು, ಕರಡಿನ ಫೋಟೋ ತೆಗೆದು ಹೊರಗೆ ಹಂಚಬಾರದು ಎಂಬುದನ್ನು ಮೊದಲ ದಿನವೇ ಎಲ್ಲರೂ ಒಪ್ಪಿರಬೇಕು.

ತೀರಾ ನೋವಿನ ಸಂಗತಿಯನ್ನು ಇನ್ನೂ ಯಾರಿಗೂ ಹೇಳಿಲ್ಲದಿದ್ದರೆ ಕಮ್ಮಟದಲ್ಲಿ ಮೊದಲ ಸಲ ಓದುವುದು ಬೇಡ. 1986ರಲ್ಲಿ ಪ್ರಕಟವಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಆಘಾತದ ಅನುಭವಗಳನ್ನು ಬರೆದರು. ಘಟನೆ ಮತ್ತು ಭಾವನೆ ಎರಡನ್ನೂ ಬರೆದವರ ಮನಸ್ಸು ಬರೆದ ಹೊತ್ತಿಗೆ ಇನ್ನಷ್ಟು ಭಾರವಾಗಿತ್ತು, ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಮಾತ್ರ ಉಳಿದವರಿಗಿಂತ ಕಡಿಮೆ. ಗಮನಿಸಬೇಕಾದ್ದು, ಆ ಬರಹ ಚರ್ಚೆಗಿಟ್ಟದ್ದಲ್ಲ. ಅಂಥದ್ದನ್ನು ಮೊದಲು ತನಗಾಗಿ ಬರೆದಿಟ್ಟುಕೊಂಡು, ‘ಈ ವಾಕ್ಯ ಇಲ್ಲಿ ನಿಲ್ಲುವುದಿಲ್ಲ’ ಎಂದು ಯಾರಾದರೂ ಅಂದರೆ ತಡೆದುಕೊಳ್ಳಬಲ್ಲೆ ಅನ್ನಿಸಿದ ಮೇಲೆ ತನ್ನಿ. ‘ಇವತ್ತು ಓದುವುದಿಲ್ಲ’ ಎನ್ನಲು ಕಾರಣ ಕೊಡಬೇಕಾಗಿಲ್ಲ.

ಬರಹದೊಳಗೆ ಬರುವ ಬೇರೆಯವರ ಪ್ರಶ್ನೆಯೂ ಇದೆ. ಹೆಸರು ಬದಲಾಯಿಸಿದರೆ ಅಪರಿಚಿತರಿಗೆ ತಿಳಿಯುವುದಿಲ್ಲ, ಮನೆಯವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಆದ್ದರಿಂದ ಪ್ರಕಟಿಸುವ ಮುಂಚೆ ಅವರಿಗೆ ತೋರಿಸುವುದೋ ಬೇಡವೋ ಎಂಬುದು ನೀವೇ ಮಾಡಬೇಕಾದ ತೀರ್ಮಾನ. ತೋರಿಸುವುದಾದರೆ ಅವರು ಬರುವ ಪುಟಗಳನ್ನು ತೋರಿಸಿ, ಸಂಗತಿ ತಪ್ಪಿದ್ದರೆ ತಿದ್ದಿ, ಅಭಿಪ್ರಾಯ ಬೇರೆಯಿದ್ದರೆ ಕೇಳಿಸಿಕೊಳ್ಳಿ. ಕೆಲವು ಸಂಗತಿಗಳನ್ನು ಹೇಳದೆ ಬಿಡುವುದಕ್ಕೆ ಅಡ್ಡಿಯಿಲ್ಲ, ಯಾವ ಬರಹವೂ ಎಲ್ಲವನ್ನೂ ಹೇಳುವುದಿಲ್ಲ. ಇಬ್ಬರು ಚಿಕ್ಕಪ್ಪಂದಿರನ್ನು ಸೇರಿಸಿ ಒಬ್ಬರನ್ನು ಮಾಡುವುದು, ಎರಡು ಬೇಸಿಗೆಗಳನ್ನು ಒಂದಾಗಿಸುವುದು ಬೇರೆ ಮಾತು. ಅದನ್ನು ಮಾಡಿದ್ದರೆ ಬರಹದ ಜೊತೆಗೆ ಒಂದು ಸಾಲಿನಲ್ಲಿ ಹೇಳಿಬಿಡಬೇಕು. ನಡೆಯದ್ದನ್ನು ಸೇರಿಸಿದರೆ ಅದನ್ನು ಕತೆ ಎಂದು ಕರೆಯಿರಿ, ಕತೆಗೂ ಗೌರವವಿದೆ.

ಸರದಿ ಮುಗಿದ ದಿನ ರಾತ್ರಿಯೇ ತಿದ್ದಲು ಕೂರಬೇಡಿ. ಎರಡು ದಿನ ಬಿಟ್ಟು ಟಿಪ್ಪಣಿಗಳನ್ನು ತೆರೆಯಿರಿ. ಮೂವರು ಒಂದೇ ಜಾಗದಲ್ಲಿ ನಿಂತಿದ್ದರೆ ಆ ಜಾಗದಲ್ಲಿ ತೊಡಕಿದೆ, ಮೂವರೂ ಬೇರೆ ಬೇರೆ ಪರಿಹಾರ ಹೇಳಿದ್ದರೂ ಸರಿಯೇ. ಪರಿಹಾರ ನಿಮ್ಮದೇ ಇರಲಿ. ಒಬ್ಬರಿಗಷ್ಟೇ ಇಷ್ಟವಾಗದ್ದನ್ನು ಪಕ್ಕಕ್ಕಿಟ್ಟು ಎರಡನೇ ಕರಡಿನ ಹೊತ್ತಿಗೆ ಮತ್ತೆ ನೋಡಿ. ತಿದ್ದುವ ಕ್ರಮವೂ ಮುಖ್ಯ. ಮೊದಲು ಯಾವ ದೃಶ್ಯ ಇರಬೇಕು, ಯಾವುದು ಹೋಗಬೇಕು ಎಂಬುದು, ಆಮೇಲೆ ಕಂ, ಕೇ, ಊ ಗುರುತುಗಳಿಗೆ ತಕ್ಕಂತೆ ಕ್ರಿಯಾಪದಗಳು, ಕಾಗುಣಿತ ಕೊನೆಗೆ. ಕಾಗುಣಿತದಿಂದ ಶುರು ಮಾಡಿದವರಿಗೆ ಚೆಂದ ಮಾಡಿದ ಪ್ಯಾರಾವನ್ನು ಕಿತ್ತುಹಾಕಲು ಮನಸ್ಸು ಬರುವುದಿಲ್ಲ.

ಕೊನೆಯ ವಾರದ ಓದಿಗೆ ತಲಾ ಐದು ನಿಮಿಷ ಸಿಕ್ಕರೆ 450 ಪದ ಆರಿಸಿಕೊಳ್ಳಿ, 500 ಬೇಡ. ಗಂಟಲು ಕಟ್ಟುವ ಜಾಗವೊಂದು ಇದ್ದೇ ಇರುತ್ತದೆ, ಉಳಿದ ಅರ್ಧ ನಿಮಿಷ ಅದಕ್ಕೆ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಕಾಗದದ ಒಂದೇ ಬದಿಯಲ್ಲಿ, ಪುಟದ ಕೊನೆಗೆ ವಾಕ್ಯ ಮುರಿಯದಂತೆ. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತಡವರಿಸಿದ ಕಡೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡರೆ, ಅಲ್ಲಿ ವಾಕ್ಯವನ್ನು ಎರಡಾಗಿ ಒಡೆಯಲು ಇನ್ನೂ ಸಮಯವಿರುತ್ತದೆ.